ನೀರುಕರಡಿ: ಒಣಗಿಯೂ ಸಾಯದ ಕಿರುಜೀವಿ

ಹೆಸರಿನಲ್ಲಿ ಕರಡಿಯಿದ್ದರೂ ನೀರುಕರಡಿಯ ಉದ್ದ ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನು ಮೀರುವುದಿಲ್ಲ. ಗುಂಡಗಿನ ಮೈ, ಎಂಟು ಗಿಡ್ಡ ಕಾಲುಗಳು, ಕಾಲ ತುದಿಯಲ್ಲಿ ಉಗುರುಗಳು, ಓಲಾಡುವ ನಡಿಗೆ. ಸೂಕ್ಷ್ಮದರ್ಶಕದಲ್ಲಿ ಕಂಡವರಿಗೆ ಕರಡಿಮರಿಯ ನೆನಪಾಗುವುದು ಸಹಜವೇ. ವಿಜ್ಞಾನಿಗಳು ಇದನ್ನು ಟಾರ್ಡಿಗ್ರೇಡ್ ಎಂದು ಕರೆಯುತ್ತಾರೆ. ಇದುವರೆಗೆ ಇದರ 1,300ಕ್ಕೂ ಹೆಚ್ಚು ಪ್ರಭೇದಗಳು ಗುರುತಾಗಿವೆ. ಹಿಮಾಲಯದ ಎತ್ತರದಲ್ಲಿ, ಕಡಲಿನ ತಳದಲ್ಲಿ, ಅಂಟಾರ್ಕ್ಟಿಕದಲ್ಲಿ, ಅಷ್ಟೇಕೆ, ನಮ್ಮ ವಸತಿ ಸಂಕೀರ್ಣಗಳ ಹಳೆಯ ಗೋಡೆಗಳ ಮೇಲೂ ಇವು ಬದುಕಬಲ್ಲವು.

ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಇದಕ್ಕೆ 'ಸಾವಿಲ್ಲದ ಪ್ರಾಣಿ' ಎಂಬ ಬಿರುದು ದೊರೆತಿದೆ. ಈ ಬಿರುದು ಅರ್ಧ ಸತ್ಯ ಮಾತ್ರ. ನೀರುಕರಡಿ ವಿಪತ್ತಿನ ಎದುರು ಹೋರಾಡಿ ಗೆಲ್ಲುವ ವೀರನಲ್ಲ. ಅದು ಬದುಕುವುದನ್ನೇ ಕೆಲಕಾಲ ನಿಲ್ಲಿಸಿಬಿಡುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಅದರ ಸಾಮರ್ಥ್ಯವೂ ದೌರ್ಬಲ್ಯವೂ ನಮಗೆ ತಿಳಿಯಲಾರವು.

ಈ ಕಥೆಯ ಆರಂಭ ಹಾಲೆಂಡಿನಲ್ಲಿದೆ. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್, ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದವರು, ತಾವೇ ಉಜ್ಜಿ ತಯಾರಿಸಿದ ಮಸೂರಗಳಿಂದ ಸೂಕ್ಷ್ಮಲೋಕವನ್ನು ನೋಡಿದವರು. 1702ರಲ್ಲಿ ಅವರು ಸೂರಿನ ದೋಣಿಯಲ್ಲಿ ಒಣಗಿ ಕುಳಿತಿದ್ದ ಧೂಳಿಗೆ ನೀರು ಸೇರಿಸಿ ನೋಡಿದಾಗ, ಅದರೊಳಗಿನ ಕಿರುಜೀವಿಗಳು ಮತ್ತೆ ಈಜತೊಡಗಿದವು. ಅವು ನೀರುಕರಡಿಗಳಲ್ಲ, ರೋಟಿಫರ್ ಎಂಬ ಬೇರೊಂದು ಜಾತಿಯವು. ಆದರೆ ಒಣಗಿದ ಜೀವ ಮರಳಬಲ್ಲದೆಂಬ ಸಂಗತಿ ಹೀಗೆ ಮೊದಲ ಬಾರಿಗೆ ದಾಖಲಾಯಿತು. ನೀರುಕರಡಿಯನ್ನು ಕಂಡು ವರ್ಣಿಸಿದವರು ಜರ್ಮನಿಯ ಕ್ವೆಡ್ಲಿನ್‌ಬುರ್ಗ್‌ನ ಪಾದ್ರಿ ಗೋಟ್ಸೆ, 1773ರಲ್ಲಿ. 'ಪುಟ್ಟ ನೀರುಕರಡಿ' ಎಂಬ ಹೆಸರು ಅವರದೇ. ಮೂರು ವರ್ಷಗಳ ನಂತರ ಇಟಲಿಯ ಸ್ಪಲ್ಲಾನ್‌ಝಾನಿ ಇದಕ್ಕೆ 'ಟಾರ್ಡಿಗ್ರಾಡೊ' ಎಂದು ಹೆಸರಿಟ್ಟರು. ನಿಧಾನವಾಗಿ ನಡೆಯುವುದು ಎಂದು ಅದರ ಅರ್ಥ. ಕನ್ನಡದಲ್ಲಿ 'ಮಂದಗಾಮಿ' ಎನ್ನಬಹುದಿತ್ತು, ಆದರೆ ಆ ಶಬ್ದವನ್ನು ನಮ್ಮ ಇತಿಹಾಸದ ಪಠ್ಯಪುಸ್ತಕಗಳು ಗೋಖಲೆಯವರ ಬಳಗಕ್ಕೆ ಎಂದೋ ಮೀಸಲಿಟ್ಟಿವೆ!

ಸತ್ತಂತೆ ಒಣಗಿದ ಪ್ರಾಣಿ ಎದ್ದು ನಡೆಯುವುದೆಂದರೆ ಅಂದಿನ ಯುರೋಪಿಗೆ ಅದು ಕೇವಲ ಪ್ರಾಣಿಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ. ಜೀವವೆಂದರೆ ದೇಹದೊಳಗೆ ಎಡೆಬಿಡದೆ ಉರಿಯುವ ದೀಪವೋ, ಅಥವಾ ದೇಹದ ರಚನೆ ಕೆಡದಿದ್ದರೆ ನಿಲ್ಲಿಸಿ ಮತ್ತೆ ಚಾಲನೆ ಮಾಡಬಹುದಾದ ಗಡಿಯಾರವೋ? ಫ್ರಾನ್ಸಿನಲ್ಲಿ ಡ್ವಯೇರ್ ಮತ್ತು ಪೂಶೆ ಎಂಬಿಬ್ಬರ ನಡುವೆ ಇದೇ ವಿಷಯವಾಗಿ ಜಗಳವೇ ನಡೆಯಿತು. ಕೊನೆಗೆ ಪ್ಯಾರಿಸಿನ ಜೀವಶಾಸ್ತ್ರ ಸಂಘವು ಒಂದು ಸಮಿತಿಯನ್ನು ನೇಮಿಸಿತು. 1860ರಲ್ಲಿ ಅದರ ವರದಿಯನ್ನು ಬರೆದವರು ಪ್ರಸಿದ್ಧ ವೈದ್ಯ ಪಾಲ್ ಬ್ರೋಕಾ. 82 ದಿನಗಳ ಕಾಲ ನಿರ್ವಾತದಲ್ಲಿ ಒಣಗಿಸಿ, ಆಮೇಲೆ ಅರ್ಧ ಗಂಟೆ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೂ ರೋಟಿಫರ್‌ಗಳು ಮರಳಿ ಚೇತರಿಸಿಕೊಳ್ಳಬಲ್ಲವೆಂದು ಆ ವರದಿ ಸಾರಿತು. ಈ ಸ್ಥಿತಿಗೆ ಇಂದು ಬಳಕೆಯಲ್ಲಿರುವ 'ಕ್ರಿಪ್ಟೋಬಯೋಸಿಸ್', ಅಂದರೆ ಗುಪ್ತಜೀವನ, ಎಂಬ ಹೆಸರು ಬರಲು ಇನ್ನೂ ನೂರು ವರ್ಷ ಕಾಯಬೇಕಾಯಿತು. 1959ರಲ್ಲಿ ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಅದನ್ನು ಸೂಚಿಸಿದರು.

ಸುತ್ತಲಿನ ನೀರು ಬತ್ತತೊಡಗಿದಾಗ ನೀರುಕರಡಿ ತನ್ನ ತಲೆಯನ್ನೂ ಕಾಲುಗಳನ್ನೂ ಒಳಗೆಳೆದುಕೊಂಡು ಪುಟ್ಟ ಪೀಪಾಯಿಯಂತೆ ಮುದುಡುತ್ತದೆ. ಮೈಯ ನೀರೆಲ್ಲವೂ ಬಹುಮಟ್ಟಿಗೆ ಹೊರಟುಹೋಗುತ್ತದೆ. ಉಸಿರಾಟ, ಜೀರ್ಣಕ್ರಿಯೆ, ಬೆಳವಣಿಗೆ ಎಲ್ಲವೂ ಅಳತೆಗೆ ಸಿಗದಷ್ಟು ಇಳಿಯುತ್ತವೆ. ವ್ಯವಹಾರ ನಿಂತ ಬ್ಯಾಂಕ್ ಖಾತೆಗಳನ್ನು ದಿನವೂ ಕಾಣುವ ನಮಗೆ ಇದರ ಹೋಲಿಕೆ ಸುಲಭವಾಗಿ ಹೊಳೆಯುತ್ತದೆ. ಜಮೆಯೂ ಇಲ್ಲ, ಖರ್ಚೂ ಇಲ್ಲ, ಆದರೆ ಖಾತೆ ಮುಚ್ಚಿಲ್ಲ. ಒಂದು ಷರತ್ತನ್ನು ಮಾತ್ರ ಮರೆಯಬಾರದು: ಒಣಗುವಿಕೆ ನಿಧಾನವಾಗಿ ಆಗಬೇಕು. ಥಟ್ಟನೆ ಒಣಗಿಸಿದರೆ ಸಿದ್ಧತೆಗೆ ಅವಕಾಶ ಸಿಗದೆ ಪ್ರಾಣಿ ಸಾಯುತ್ತದೆ.

ಆ ಸಿದ್ಧತೆ ಏನೆಂಬುದು ಇತ್ತೀಚೆಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಿದೆ. ನಿಶ್ಚಿತ ಆಕಾರವಿಲ್ಲದ ಕೆಲವು ಪ್ರೋಟೀನುಗಳು ಜೀವಕೋಶದೊಳಗೆ ಗಾಜಿನಂತೆ ಗಟ್ಟಿಯಾಗಿ, ಸೂಕ್ಷ್ಮ ಭಾಗಗಳನ್ನು ಇದ್ದಲ್ಲಿಯೇ ಹಿಡಿದಿಡುತ್ತವೆಂದು ಅಮೆರಿಕದ ಥಾಮಸ್ ಬೂತ್‌ಬಿ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಇದರ ಪ್ರಯೋಜನ ಪ್ರಯೋಗಾಲಯಕ್ಕಷ್ಟೇ ಸೀಮಿತವಲ್ಲ. ಹಿಮೋಫಿಲಿಯಾ ರೋಗಿಗಳಿಗೆ ಅತ್ಯಗತ್ಯವಾದ, ರಕ್ತ ಹೆಪ್ಪುಗಟ್ಟಿಸುವ 'ಫ್ಯಾಕ್ಟರ್ 8' ಎಂಬ ಔಷಧಿಗೆ ಶೀತಲ ಸಂಗ್ರಹ ಬೇಕು. ನೀರುಕರಡಿಯ ಪ್ರೋಟೀನಿನ ನೆರವಿನಿಂದ ಅದನ್ನು ಶೈತ್ಯೀಕರಣವಿಲ್ಲದೆ ಸ್ಥಿರವಾಗಿ ಇರಿಸಬಹುದೆಂದು ಅದೇ ಬೂತ್‌ಬಿಯವರ ತಂಡ 2023ರಲ್ಲಿ ಪ್ರಕಟಿಸಿತು. ಇದು ಇನ್ನೂ ಪ್ರಯೋಗದ ಹಂತದ ಮಾತು. ಆದರೆ ವಿದ್ಯುತ್ತು ಕೈಕೊಡುವ ಹಳ್ಳಿಯ ಆರೋಗ್ಯ ಕೇಂದ್ರಗಳನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಮುದುಡಿದ ನೀರುಕರಡಿ ತಾಳಿಕೊಂಡ ಪರೀಕ್ಷೆಗಳು ಹಲವು. ಜಪಾನಿನ ಸಂಶೋಧಕರು 1998ರಲ್ಲಿ ವಾತಾವರಣದ ಒತ್ತಡದ ಸುಮಾರು ಆರು ಸಾವಿರ ಪಟ್ಟು ಒತ್ತಡವನ್ನು ಹಾಕಿ ನೋಡಿದರು, ಪೀಪಾಯಿಗಳು ಬದುಕಿದವು. ಅತ್ಯಂತ ಆಳದ ಸಾಗರದಲ್ಲಿಯೂ ಇದರ ಐದನೆಯ ಒಂದು ಭಾಗದಷ್ಟು ಒತ್ತಡವಿಲ್ಲ. ಅಂಟಾರ್ಕ್ಟಿಕದಲ್ಲಿ 1983ರಲ್ಲಿ ಸಂಗ್ರಹಿಸಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ತಾಪದಲ್ಲಿ ಇರಿಸಿದ್ದ ಹಾವಸೆಯನ್ನು ಜಪಾನೀಯರೇ ಮೂವತ್ತು ವರ್ಷಗಳ ಮೇಲೆ ಕರಗಿಸಿದಾಗ, ಎರಡು ನೀರುಕರಡಿಗಳೂ ಒಂದು ಮೊಟ್ಟೆಯೂ ಜೀವಂತವಾಗಿ ದೊರೆತವು. ಒಂದು ಪ್ರಾಣಿ ಇಪ್ಪತ್ತು ದಿನಗಳಲ್ಲಿ ಸತ್ತಿತು. ಇನ್ನೊಂದು ನಿಧಾನವಾಗಿ ಚೇತರಿಸಿಕೊಂಡು 19 ಮೊಟ್ಟೆಗಳನ್ನಿಟ್ಟಿತು, ಅವುಗಳಲ್ಲಿ 14 ಒಡೆದು ಮರಿಗಳಾದವು. 2007ರ ಸೆಪ್ಟೆಂಬರಿನಲ್ಲಿ ಫೋಟಾನ್-ಎಂ3 ಉಪಗ್ರಹದ ಹೊರಮೈಯಲ್ಲಿ ಹತ್ತು ದಿನ ತೆರೆದ ಅಂತರಿಕ್ಷಕ್ಕೆ ಒಡ್ಡಿದಾಗ, ನಿರ್ವಾತವನ್ನು ಅವು ಚೆನ್ನಾಗಿಯೇ ಸಹಿಸಿದವು. ನಿರ್ವಾತದ ಜೊತೆಗೆ ಸೂರ್ಯನ ಅತಿನೇರಳೆ ಕಿರಣಗಳೂ ಪೂರ್ಣವಾಗಿ ಬಿದ್ದಾಗ ಮಾತ್ರ ಉಳಿದವು ಬೆರಳೆಣಿಕೆಯಷ್ಟು.

ಅತಿನೇರಳೆ ಕಿರಣದ ವಿಷಯಕ್ಕೆ ಬಂದಾಗ ನಮ್ಮ ಬೆಂಗಳೂರಿನ ಹೆಸರು ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂದೀಪ್ ಈಶ್ವರಪ್ಪ ಮತ್ತು ಸಂಗಡಿಗರು ಆವರಣದ ಕಾಂಕ್ರೀಟ್ ಗೋಡೆಯ ಹಾವಸೆಯಲ್ಲಿ ಕೆಂಗಂದು ಬಣ್ಣದ ಒಂದು ನೀರುಕರಡಿಯನ್ನು ಕಂಡರು. ರೋಗಾಣುಗಳನ್ನು ಕೊಲ್ಲಲು ಬಳಸುವ ಅತಿನೇರಳೆ ದೀಪದ ಕೆಳಗೆ ಇತರ ಕಿರುಜೀವಿಗಳು ಸತ್ತರೂ ಇವು ಉಳಿದುಕೊಂಡವು. ಮಾರಕ ಕಿರಣವನ್ನು ಹೀರಿ ನಿರುಪದ್ರವಿಯಾದ ನೀಲಿ ಬೆಳಕಾಗಿ ಹೊರಚೆಲ್ಲುವ ವಸ್ತು ಅವುಗಳ ಮೈಯಲ್ಲಿದೆಯೆಂದು 2020ರಲ್ಲಿ ಪ್ರಕಟವಾಯಿತು. 'ಪ್ಯಾರಾಮ್ಯಾಕ್ರೋಬಯೋಟಸ್' ಕುಲದ ಈ ತಳಿಗೆ 'ಬಿಎಲ್‌ಆರ್' ಎಂದು ಊರಿನ ಗುರುತನ್ನೇ ಇಡಲಾಗಿದೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ತೆರಳಿದಾಗ, ಭಾರತದ ಪ್ರಯೋಗಗಳಲ್ಲಿ ನೀರುಕರಡಿಗಳದೂ ಒಂದಾಗಿತ್ತು. ಹೊರನಾಡಿನಲ್ಲಿರುವ ನಾವು ಹೆಮ್ಮೆಪಡಲು ಇಷ್ಟು ಸಾಲದೇ?

ಇನ್ನು ಉತ್ಪ್ರೇಕ್ಷೆಗಳ ವಿಚಾರ. 120 ವರ್ಷ ಹಳೆಯ ಹಾವಸೆಯಿಂದ ನೀರುಕರಡಿ ಎದ್ದು ಬಂದಿತೆಂದು ಇಂದಿಗೂ ಅಲ್ಲಲ್ಲಿ ಬರೆಯುತ್ತಾರೆ. 1948ರ ಆ ವರದಿಯಲ್ಲಿದ್ದದ್ದು ಒಂದು ಪ್ರಾಣಿಯ ಕಾಲು ಕೊಂಚ ಅಲುಗಿದಂತೆ ಕಂಡಿತೆಂಬುದಷ್ಟೇ. ಇದರ ವಂಶವಾಹಿಗಳಲ್ಲಿ ಆರನೆಯ ಒಂದು ಭಾಗ ಬ್ಯಾಕ್ಟೀರಿಯಾ ಮೊದಲಾದ ಅನ್ಯ ಜೀವಿಗಳಿಂದ ಬಂದದ್ದೆಂದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅದು ಬಹುತೇಕ ಮಾದರಿಯಲ್ಲಿ ಬೆರೆತ ಕಲ್ಮಶದ ಫಲವೆಂದು ಎಡಿನ್‌ಬರೋದ ಸಂಶೋಧಕರು ಬೇಗನೆ ತೋರಿಸಿಕೊಟ್ಟರು. 2019ರ ಏಪ್ರಿಲ್‌ನಲ್ಲಿ ಇಸ್ರೇಲಿನ ಬೆರೆಶೀಟ್ ನೌಕೆ ಚಂದ್ರನ ಮೇಲೆ ಅಪ್ಪಳಿಸಿದಾಗ ಅದರಲ್ಲಿ ಒಣಗಿದ ನೀರುಕರಡಿಗಳಿದ್ದವು. ಆದರೆ ಅವು ಅಲ್ಲಿ ಓಡಾಡಿಕೊಂಡಿವೆಯೆಂಬ ಕಲ್ಪನೆಗೆ ಆಧಾರವಿಲ್ಲ. ನೀರಿಲ್ಲದ ಕಡೆ ಎಚ್ಚರವೆಂಬುದೂ ಇಲ್ಲ.

ಎಲ್ಲಕ್ಕಿಂತ ಗಮನಿಸಬೇಕಾದುದು ಶಾಖದ ಪ್ರಶ್ನೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ನೀರಿನಲ್ಲಿ ಚುರುಕಾಗಿದ್ದ ನೀರುಕರಡಿಗಳ ಪೈಕಿ ಅರ್ಧದಷ್ಟು 37.1 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಒಂದೇ ದಿನದಲ್ಲಿ ಸತ್ತವು. ಅಂದರೆ ಸರಿಸುಮಾರು ನಮ್ಮ ಮೈಯ ಬಿಸಿ! ಒಣಗಿ ಮುದುಡಿದವು ಒಂದು ಗಂಟೆಯ ಮಟ್ಟಿಗೆ 80 ಡಿಗ್ರಿಯನ್ನೂ ತಾಳಿದವಾದರೂ, ದಿನವಿಡೀ ಇಟ್ಟಾಗ ಸುಮಾರು 63 ಡಿಗ್ರಿಗೆ ಅರ್ಧದಷ್ಟು ಅಳಿದವು. ಬಿಸಿನೀರಿನ ಬುಗ್ಗೆಯಲ್ಲಿ ಸಂಸಾರ ಹೂಡುವ ಬ್ಯಾಕ್ಟೀರಿಯಾಗಳಿಗೆ ಆ ಕುದಿತವೇ ತವರು. ನೀರುಕರಡಿಗೆ ಯಾವ ಅತಿರೇಕವೂ ತವರಲ್ಲ. ಅದು ತಿನ್ನುವುದು, ನಡೆಯುವುದು, ಮೊಟ್ಟೆಯಿಡುವುದು ತಂಪಾದ ತೇವದಲ್ಲಿ ಮಾತ್ರ. ಭೂಮಿ ಬಿಸಿಯಾಗುತ್ತಿರುವ ಈ ದಿನಗಳಲ್ಲಿ 'ಸಾವಿಲ್ಲದ ಪ್ರಾಣಿ'ಯೂ ಅಪಾಯದಿಂದ ಹೊರತಲ್ಲವೆಂದು ಆ ಸಂಶೋಧಕರು ಎಚ್ಚರಿಸಿದ್ದಾರೆ.

ಮನೆಯ ಮಕ್ಕಳಿಗೆ ಇದನ್ನು ತೋರಿಸಬಯಸುವ ಓದುಗರಿಗೆ ಒಂದು ಸೂಚನೆ. ನೆರಳಿನ ಗೋಡೆ ಅಥವಾ ಮರದ ಬುಡದಿಂದ ಹಾವಸೆಯ (ನಾವು ಮಾತಿನಲ್ಲಿ ಪಾಚಿ ಎನ್ನುವ ಹಸಿರು ಮೆತ್ತೆಯ) ಒಂದು ಚೂರನ್ನು ತನ್ನಿ. ಬೇಸಿಗೆಯಲ್ಲಿ ಒಣಗಿ ಕಂದಾಗಿದ್ದರೂ ಅಡ್ಡಿಯಿಲ್ಲ. ತಟ್ಟೆಯಲ್ಲಿ ಶುದ್ಧ ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ತಳಕ್ಕಿಳಿದ ಕೆಸರಿನ ಒಂದು ಹನಿಯನ್ನು ಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನಲವತ್ತು ಪಟ್ಟು ಹಿಗ್ಗಿಸಿ ನೋಡಿ. ಮೊದಲ ಹನಿಯಲ್ಲಿಯೇ ಸಿಗುವುದು ಅಪರೂಪ. ಐದಾರು ಹನಿಗಳನ್ನಾದರೂ, ಬೇಕಾದರೆ ಎರಡು ಮೂರು ಗೋಡೆಗಳ ಹಾವಸೆಯನ್ನಾದರೂ, ತಾಳ್ಮೆಯಿಂದ ಪರೀಕ್ಷಿಸಬೇಕು. ನೋಡಿ ಮುಗಿದ ಮೇಲೆ ಹಾವಸೆಯನ್ನೂ ಆ ನೀರನ್ನೂ ತಂದ ಜಾಗಕ್ಕೇ ಮರಳಿಸಿದರೆ ಒಳಿತು.