ಎಲೆಯಡಿಕೆಯ ಕೆಂಪು

ಲೋಕಾಯತರ ಮೂಲ ಸೂತ್ರಗಳು ಉಳಿದಿಲ್ಲ. ಅವರ ಮಾತು ನಮಗೆ ದಕ್ಕಿದ್ದು ಬಹುಪಾಲು ವೈರಿಗಳ ಬಾಯಿಂದ. 14ನೇ ಶತಮಾನದಲ್ಲಿ ಮಾಧವಾಚಾರ್ಯರ 'ಸರ್ವದರ್ಶನಸಂಗ್ರಹ' ಚಾರ್ವಾಕರನ್ನು ಮೊದಲಿಗೇ ಇಟ್ಟಿತು; ಮಣೆ ಹಾಕೋಕಲ್ಲ, ಮೊದಲು ಕೆಡವೋಕೆ. ಆದರೆ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ' ಲೋಕಾಯತವನ್ನು ಸಾಂಖ್ಯ, ಯೋಗಗಳ ಪಕ್ಕದಲ್ಲೇ ಕೂರಿಸುತ್ತದೆ.

ಮಣ್ಣು, ನೀರು, ಬೆಂಕಿ, ಗಾಳಿ ಕೂಡಿದ ದೇಹದಲ್ಲೇ ಅರಿವು ಹುಟ್ಟುತ್ತದೆ, ಎಲೆ, ಅಡಿಕೆ, ಸುಣ್ಣ ಸೇರಿದಾಗ ಕೆಂಪು ಹುಟ್ಟುವ ಹಾಗೆ ಎಂಬುದು ಅವರ ವಾದ. ಮಾಗಡಿ, ಕನಕಪುರದ ಜಗುಲಿಗಳಲ್ಲಿ ಎಲೆಯಡಿಕೆ ಮೆಲ್ಲೋ ಮುದುಕಿಯರಿಗೆ ಇದನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಿಲ್ಲ. ರಾಮನಗರದಲ್ಲಿ ರೇಷ್ಮೆಗೂಡು ನೋಡದೆ ಬೆಲೆ ಕಟ್ಟಲ್ಲ; ಚನ್ನಪಟ್ಟಣದಲ್ಲಿ ಅರಗು ಕಾಯದೆ ಗೊಂಬೆಗೆ ಬಣ್ಣ ಹತ್ತಲ್ಲ. ಲೋಕಾಯತರಿಗೂ ಕಂಡದ್ದೇ ಪ್ರಮಾಣ.

ಸತ್ತ ಮೇಲೆ ಇನ್ನೊಂದು ಜನ್ಮ ಇಲ್ಲ ಅಂದರು ಅವರು. ಆ ಮಾತು ನಿಂತರೆ ಹಿಂದಿನ ಜನ್ಮದ ಪಾಪದ ಲೆಕ್ಕವೂ ಬಿದ್ದಂತೆ. ನಮ್ಮನ್ನು ಹೊಲಗೇರಿಗೆ ತಳ್ಳಿದ್ದು ಆ ಲೆಕ್ಕ ತೋರಿಸಿಯೇ.