ಭೂಮಾಪಕರ ತ್ರಿಕೋಣವೂ ಯೂಕ್ಲಿಡನ ತ್ರಿಕೋಣವೂ

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯಲ್ಲಿದ್ದ ಆಂಗ್ಲ ಸೈನ್ಯಾಧಿಕಾರಿಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬವನೊಬ್ಬನು. ಪೂರ್ವ ಪಶ್ಚಿಮ ಕರಾವಳಿಗಳನ್ನು ತ್ರಿಕೋಣಗಳ ಮಾಲೆಯಿಂದ ಜೋಡಿಸಿ ದಕ್ಷಿಣದೇಶವನ್ನು ಅಳೆಯಬೇಕೆಂಬುದು ಅವನ ಸಂಕಲ್ಪ. 1800ರಲ್ಲಿ ಬೆಂಗಳೂರಿನ ಸಮೀಪದಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಅವನು ಅಳೆದನು. ಅಳೆದ ಸಾಧನವು ನೂರು ಅಡಿಯ ಉಕ್ಕಿನ ಸರಪಣಿ. ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಆದರವನ್ನು ಪಡೆಯದೆ ಕಲ್ಕತ್ತೆಯನ್ನು ಸೇರಿದ ವಸ್ತು! ಚಕ್ರವರ್ತಿಗೆ ಬೇಡವಾದದ್ದು ಬೆಂಗಳೂರಿನ ಬಯಲಿಗೆ ಒದಗಿತು.

ಈ ಬಗೆಯ ಅಳತೆಯಲ್ಲಿ ನೆಲದ ಮೇಲೆ ಸರಪಣಿ ಎಳೆಯುವುದು ಒಂದು ಭುಜಕ್ಕೆ ಮಾತ್ರ. ಆ ಭುಜದ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯೊಂದನ್ನು ನೋಡಿ ಕೋಣಗಳನ್ನು ಅಳೆದರೆ ಉಳಿದ ಎರಡು ಭುಜಗಳು ಲೆಕ್ಕದಿಂದಲೇ ದೊರೆಯುತ್ತವೆ. ಅವುಗಳ ಮೇಲೆ ಹೊಸ ತ್ರಿಕೋಣಗಳು, ಅವುಗಳ ಮೇಲೆ ಮತ್ತಷ್ಟು. ಆದರೆ ಲೆಕ್ಕವು ಯಾವ ರೇಖಾಗಣಿತದ್ದು? ಪಾಠಶಾಲೆಯ ಬಾಲಕನೂ ಬಲ್ಲ ಯೂಕ್ಲಿಡನ ನಿಯಮದಂತೆ ತ್ರಿಕೋಣದ ಮೂರು ಕೋಣಗಳು ಕೂಡಿ 180 ಡಿಗ್ರಿ. ಅದು ಸಮತಲದ ಮಾತು. ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗೆ ಒಂದಕ್ಕೊಂದು ಲಂಬವಾಗಿ ಹೊರಟ ಎರಡು ರೇಖೆಗಳನ್ನು ಇಳಿಸಿದರೆ, ಭೂಮಧ್ಯರೇಖೆಯ ಒಂದು ಭಾಗವೇ ಮೂರನೆಯ ಭುಜವಾಗಿ, ಮೂರು ಕೋಣಗಳೂ ಲಂಬಕೋಣಗಳಾಗುತ್ತವೆ. ಮೊತ್ತ 270 ಡಿಗ್ರಿ. ಗೋಳದ ಮೇಲಣ ತ್ರಿಕೋಣದಲ್ಲಿ ಈ ಹೆಚ್ಚಳವಿರುವುದೆಂದು ಗ್ರೀಕರ ಮೆನೆಲಾಸನಿಗೇ ತಿಳಿದಿತ್ತು. ಹೆಚ್ಚಳವು ತ್ರಿಕೋಣದ ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು 1629ರಲ್ಲಿ ಗಿರಾರ್ ಎಂಬವನು ಅಚ್ಚಿನಲ್ಲಿ ಪ್ರಕಟಿಸಿದನು.

ಹಾಗಿದ್ದರೆ ಹೊಲ ಅಳೆಯುವ ಶಾನುಭೋಗನಿಗೆ ಇದು ಏಕೆ ಕಾಣದು? ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿಯೇ ಇದಕ್ಕೆ ಸಮಾಧಾನವನ್ನು ಹೇಳಿದ್ದಾರೆ: ವೃತ್ತಪರಿಧಿಯ ನೂರನೆಯ ಒಂದು ಭಾಗವು ನೇರವೆಂದೇ ತೋರುತ್ತದೆ, ಭೂಮಿಯು ಬಹು ದೊಡ್ಡದು, ಮನುಷ್ಯನು ಬಹು ಸಣ್ಣವನು. ಅಂಕಿಗಳಲ್ಲಿ ಹೇಳುವುದಾದರೆ, ಭೂಮಿಯ ಮೇಲೆ ಸುಮಾರು 76 ಚದರ ಮೈಲಿಯ ತ್ರಿಕೋಣಕ್ಕೆ ಒಂದು ವಿಕಲೆ, ಅಂದರೆ ಡಿಗ್ರಿಯ 3600ರಲ್ಲೊಂದು ಪಾಲು, ಹೆಚ್ಚಳ. ಮೂವತ್ತು ಮೈಲಿಯ ಸಮಭುಜ ತ್ರಿಕೋಣದಲ್ಲಿಯೂ ಅದು ಐದು ವಿಕಲೆಗಳಷ್ಟೆ.

ಈ ಐದು ವಿಕಲೆಗಳನ್ನು ಕಡೆಗಣಿಸುವಂತಿರಲಿಲ್ಲ. ಲ್ಯಾಂಬ್ಟನ್ನನ ಥಿಯೊಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್ನು. ವಿಕಲೆಗಳನ್ನು ಎಣಿಸುವುದಕ್ಕಾಗಿಯೇ ಅದನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತು ತರಲಾಗುತ್ತಿತ್ತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಬಡಿದು ನಜ್ಜುಗುಜ್ಜಾಗಲು, ಅವನು ವಾರಗಟ್ಟಲೆ ಡೇರೆಯಲ್ಲಿ ಕುಳಿತು ತಾನೇ ಸರಿಪಡಿಸಿದನು. ಅವನ ಕೋಷ್ಟಕಗಳಲ್ಲಿ ಹೆಚ್ಚಳಕ್ಕೆಂದೇ ಒಂದು ಅಂಕಣವುಂಟು. ನೋಡಿದ ಕೋಣಗಳ ಮೊತ್ತದಿಂದ 180 ಡಿಗ್ರಿಯನ್ನೂ ಈ ಹೆಚ್ಚಳವನ್ನೂ ಕಳೆದರೆ ಉಳಿಯುವುದೇ ನೋಡಿದವನ ತಪ್ಪು. ಭೂಮಿಯ ದುಂಡುತನವನ್ನೂ ಕಣ್ಣಿನ ದೋಷವನ್ನೂ ಹೀಗೆ ಬೇರ್ಪಡಿಸದಿದ್ದರೆ, ಒಂದರ ಅಪವಾದ ಇನ್ನೊಂದರ ಮೇಲೆ ಬೀಳುತ್ತಿತ್ತು. 1802ರಲ್ಲಿ ಮದರಾಸಿನ ಸೇಂಟ್ ತಾಮಸ್ ಬೆಟ್ಟದ ಬಳಿ ಹೊಸ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋಣಗಳನ್ನು ಘಟ್ಟ ಹತ್ತಿಸಿ ಬೆಂಗಳೂರಿಗೆ ತಂದದ್ದಾಯಿತು. 1804ರಲ್ಲಿ ಬೆಂಗಳೂರಿನ ಬಳಿ ಪುನಃ ಒಂದು ರೇಖೆಯನ್ನು ನೆಲದ ಮೇಲೆ ಅಳೆದಾಗ, ಮದರಾಸಿನಿಂದ ಬಂದ ಲೆಕ್ಕಕ್ಕೂ ಸರಪಣಿಗೂ ಇದ್ದ ಅಂತರವು ಮೈಲಿಗಟ್ಟಲೆ ಉದ್ದದಲ್ಲಿ ಕೆಲವೇ ಅಂಗುಲಗಳು!

ಭೂಮಾಪಕರಿಗೆ ಹೆಚ್ಚಳವು ಕಳೆದುಬಿಡಬೇಕಾದ ಒಂದು ಸಂಖ್ಯೆ. ಅದನ್ನೇ ಹಿಡಿದು ನಿಂತು ವಿಚಾರಮಾಡಿದವನು ಜರ್ಮನಿಯ ಗೌಸ್. ಅವನೂ ಹ್ಯಾನೋವರ್ ರಾಜ್ಯವನ್ನು ಅಳೆಯುತ್ತ ಬೇಸಗೆಗಳನ್ನು ಬಯಲಿನಲ್ಲಿ ಕಳೆದವನೇ. ಹೋಹೆನ್‌ಹಾಗೆನ್, ಬ್ರೋಕೆನ್, ಇನ್ಸೆಲ್ಸ್‌ಬರ್ಗ್ ಎಂಬ ಮೂರು ಶಿಖರಗಳ ನಡುವೆ ಅವನು ಅಳೆದ ತ್ರಿಕೋಣದಲ್ಲಿ ಹೆಚ್ಚಳವು 15 ವಿಕಲೆಗಳಿಗೆ ತುಸು ಕಡಿಮೆ. 1827ರಲ್ಲಿ ವಿದ್ವತ್ಸಭೆಗೆ ಒಪ್ಪಿಸಿದ ವಕ್ರತಲಗಳ ಗ್ರಂಥದಲ್ಲಿ ಅವನು ಸಾಧಿಸಿದ್ದೇನೆಂದರೆ: ತಲವೊಂದರ ವಕ್ರತೆಯನ್ನು ಅರಿಯಲು ಅದರಿಂದ ಹೊರಗೆ ನಿಂತು ನೋಡಬೇಕಾಗಿಲ್ಲ, ಆ ತಲದ ಮೇಲೆಯೇ ಇದ್ದು ಅಳೆದ ಅಳತೆಗಳೇ ಸಾಕು. ಚಾಪೆಯನ್ನು ಸುರುಳಿ ಸುತ್ತಿದರೆ ಕಣ್ಣಿಗೆ ಅದು ಬಾಗಿದೆ. ಅದರ ಮೇಲೆ ಬರೆದ ತ್ರಿಕೋಣದ ಕೋಣಗಳು ಮಾತ್ರ ಬದಲಾಗವು, ಮೊತ್ತ 180 ಡಿಗ್ರಿಯೇ. ತೆಂಗಿನ ಚಿಪ್ಪನ್ನಾದರೋ ಒಡೆಯದೆ, ಹಿಗ್ಗಿಸದೆ ನೆಲಕ್ಕೆ ಹಾಸಲಾಗದು. ಯಾವ ಭೂಪಟವೂ ದೂರಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ತೋರಿಸಲಾರದಿರುವುದಕ್ಕೆ ಕಾರಣ ಇದೇ.

ಆಕಾಶವೇ ಯೂಕ್ಲಿಡನ ನಿಯಮಕ್ಕೆ ಒಳಗಾಗಿದೆಯೇ ಎಂಬುದನ್ನು ಗೌಸನು ಆ ಶಿಖರಗಳಿಂದ ಪರೀಕ್ಷಿಸಿದನೆಂದು ಒಂದು ಕಥೆ ಹಬ್ಬಿದೆ. ವಿದ್ವಾಂಸರಲ್ಲಿ ಇದರ ವಿಷಯವಾಗಿ ಏಕಾಭಿಪ್ರಾಯವಿಲ್ಲ. ಗ್ರಂಥದಲ್ಲಿ ಆ ತ್ರಿಕೋಣವು ಬರುವುದು ಭೂಮಾಪನದ ಉದಾಹರಣೆಯಾಗಿ. ಕೋಣಗಳ ಮೊತ್ತ 180ಕ್ಕಿಂತ ಕಡಿಮೆಯಾಗುವ ರೇಖಾಗಣಿತವನ್ನು 1829ರಲ್ಲಿ ರಷ್ಯದ ಲೊಬಚೆವ್‌ಸ್ಕಿಯೂ 1832ರಲ್ಲಿ ಹಂಗೆರಿಯ ಬೊಲ್ಯಾಯಿಯೂ ಪ್ರಕಟಿಸಿದರು. 1854ರಲ್ಲಿ ರೀಮನ್ ಎಂಬವನು ಗೌಸನೆದುರಿನಲ್ಲಿಯೇ ಈ ವಿಚಾರವನ್ನು ತಲಗಳಿಂದ ಆಕಾಶಕ್ಕೆ ವಿಸ್ತರಿಸಿ ಉಪನ್ಯಾಸಮಾಡಿದನು. 1915ರಲ್ಲಿ ಐನ್‌ಸ್ಟೈನನಿಗೆ ಅದೇ ಗಣಿತವು ಬೇಕಾಯಿತು.

ಲ್ಯಾಂಬ್ಟನ್ನನು ಗೌಸನ ಗ್ರಂಥವನ್ನು ಕಾಣಲಿಲ್ಲ. ಮಾಲೆಯನ್ನು ಉತ್ತರಕ್ಕೆ ಸಾಗಿಸುತ್ತ, ನಾಗಪುರಕ್ಕೆ ಹೋಗುವ ದಾರಿಯಲ್ಲಿ ಹಿಂಗನಘಾಟ್ ಎಂಬ ಊರಿನಲ್ಲಿ, 1823ರ ಜನವರಿಯಲ್ಲಿ ಅವನು ತೀರಿಕೊಂಡನು. ಅವನ ಸಮಾಧಿ ಅಲ್ಲಿಯೇ ಆಯಿತು.