ಮಾಂಟೂ ಪರೀಕ್ಷೆ ಮತ್ತು ಚರ್ಮರೋಗಗಳು

ಮಾಂಟೂ ಪರೀಕ್ಷೆಯು ದೇಹದಲ್ಲಿ ಕ್ಷಯರೋಗದ ಸೋಂಕು ಇದೆಯೇ ಎಂಬುದನ್ನು ಚರ್ಮದ ಪ್ರತಿಕ್ರಿಯೆಯ ಮೂಲಕ ತಿಳಿಯುವ ವಿಧಾನವಾಗಿದೆ. ಟ್ಯೂಬರ್‌ಕ್ಯುಲಿನ್ ಚರ್ಮ ಪರೀಕ್ಷೆ ಎಂಬುದು ಇದರ ಇನ್ನೊಂದು ಹೆಸರು. ಫಲಿತಾಂಶವು ಚರ್ಮದ ಮೇಲೆಯೇ ಮೂಡುವುದರಿಂದ ಕೆಲವು ಚರ್ಮರೋಗಗಳು ಹಾಗೂ ಅವುಗಳಿಗೆ ನೀಡುವ ಔಷಧಿಗಳು ಅದರಲ್ಲಿ ವ್ಯತ್ಯಾಸವನ್ನು ಉಂಟುಮಾಡಬಲ್ಲವು.

ಇತಿಹಾಸ

ಜರ್ಮನಿಯ ರಾಬರ್ಟ್ ಕಾಖ್ 1890ರಲ್ಲಿ ಟ್ಯೂಬರ್‌ಕ್ಯುಲಿನ್ ದ್ರವವನ್ನು ಕ್ಷಯದ ಔಷಧವೆಂದು ಪ್ರಕಟಿಸಿದರು. ಔಷಧವಾಗಿ ಅದು ವಿಫಲವಾಯಿತು. ಆಸ್ಟ್ರಿಯಾದ ಕ್ಲೆಮೆನ್ಸ್ ಫಾನ್ ಪಿರ್ಕೆ 1907ರಲ್ಲಿ ಅದನ್ನು ಸೋಂಕಿನ ಪತ್ತೆಗೆ ಬಳಸಿದರು. ಫ್ರಾನ್ಸಿನ ಶಾರ್ಲ್ ಮಾಂಟೂ 1908ರಲ್ಲಿ ಚರ್ಮದೊಳಗೆ ಚುಚ್ಚುವ ಕ್ರಮವನ್ನು ರೂಪಿಸಿದರು.

ವಿಧಾನ

ಮುಂದೋಳಿನ ಒಳಭಾಗದಲ್ಲಿ, ಚರ್ಮದ ಪದರದೊಳಗೆ 0.1 ಮಿ.ಲೀ. ದ್ರವವನ್ನು ಚುಚ್ಚಲಾಗುತ್ತದೆ. 48ರಿಂದ 72 ಗಂಟೆಗಳ ನಂತರ ಗಟ್ಟಿಯಾಗಿ ಉಬ್ಬಿದ ಭಾಗದ ಅಡ್ಡಳತೆಯನ್ನು ತೆಗೆದುಕೊಳ್ಳಲಾಗುತ್ತದೆ. ಕೇವಲ ಕೆಂಪಾದ ಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಮಾನ್ಯವಾಗಿ 10 ಮಿ.ಮೀ. ಅಥವಾ ಹೆಚ್ಚಿನ ಉಬ್ಬನ್ನು, ಎಚ್‌ಐವಿ ಸೋಂಕಿತರಲ್ಲಿ 5 ಮಿ.ಮೀ. ಉಬ್ಬನ್ನೂ, ಸೋಂಕಿನ ಸೂಚನೆಯೆಂದು ಪರಿಗಣಿಸಲಾಗುತ್ತದೆ.

ಚರ್ಮರೋಗಗಳ ಪರಿಣಾಮ

* ಇಸಬು, ಸೋರಿಯಾಸಿಸ್: ಈ ರೋಗಗಳಿಂದ ಚರ್ಮವು ಮೊದಲೇ ಕೆಂಪಾಗಿ ದಪ್ಪಗಾಗಿದ್ದರೆ ಉಬ್ಬಿನ ಅಂಚನ್ನು ಗುರುತಿಸುವುದು ಕಷ್ಟ. ಆದ್ದರಿಂದ ಕಲೆ, ಗಾಯ, ಹಚ್ಚೆಗಳಿಲ್ಲದ ಆರೋಗ್ಯಕರ ಚರ್ಮವನ್ನೇ ಆರಿಸಬೇಕು. ಸೋರಿಯಾಸಿಸ್ ಇರುವ ಕೆಲವರಲ್ಲಿ ಸೂಜಿ ಚುಚ್ಚಿದ ಸ್ಥಳದಲ್ಲಿಯೇ ಹೊಸ ಮಚ್ಚೆ ಏಳುವುದುಂಟು. ಇದಕ್ಕೆ ಕೋಬ್ನರ್ ಪರಿಣಾಮ ಎಂದು ಹೆಸರು.
* ದಡಾರ: ಈ ಸೋಂಕು ರೋಗನಿರೋಧಕ ಪ್ರತಿಕ್ರಿಯೆಯನ್ನು ಕೆಲಕಾಲ ಕುಗ್ಗಿಸುತ್ತದೆ. ಆಗ ಕ್ಷಯದ ಸೋಂಕಿದ್ದರೂ ಉಬ್ಬು ಕಾಣಿಸದಿರಬಹುದು.
* ಸಾರ್ಕಾಯ್ಡೋಸಿಸ್: ಚರ್ಮದ ಮೇಲೆ ಗಂಟುಗಳನ್ನು ಉಂಟುಮಾಡಬಲ್ಲ ಈ ರೋಗದಲ್ಲಿಯೂ ಪ್ರತಿಕ್ರಿಯೆ ಕುಗ್ಗಿರುತ್ತದೆ.
* ಔಷಧಿಗಳು: ಚರ್ಮರೋಗಗಳಿಗೆ ಸೇವಿಸುವ ಸ್ಟೀರಾಯ್ಡ್ ಮತ್ತು ಮೆಥೋಟ್ರೆಕ್ಸೇಟ್ ಪ್ರತಿಕ್ರಿಯೆಯನ್ನು ದುರ್ಬಲಗೊಳಿಸಬಹುದು.

ಮಹತ್ವ

ತೀವ್ರ ಸೋರಿಯಾಸಿಸ್‌ಗೆ ಬಳಸುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಔಷಧಿಗಳು ದೇಹದಲ್ಲಿ ಸುಪ್ತವಾಗಿರುವ ಕ್ಷಯವನ್ನು ಕೆರಳಿಸಬಲ್ಲವು. ಆದುದರಿಂದ ಅವುಗಳನ್ನು ಆರಂಭಿಸುವ ಮೊದಲು ಕ್ಷಯದ ತಪಾಸಣೆ ಅಗತ್ಯ. ಇಲ್ಲಿ ಸೋಂಕು ತಪ್ಪಿಹೋದರೆ ರೋಗಿಯ ಪ್ರಾಣಕ್ಕೆ ಅಪಾಯ. ಇಲ್ಲದ ಸೋಂಕು ಇದೆಯೆಂದು ಬಂದರೆ ಯಕೃತ್ತಿಗೆ ತೊಂದರೆ ನೀಡಬಲ್ಲ ಮಾತ್ರೆಗಳನ್ನು ತಿಂಗಳುಗಟ್ಟಲೆ ವ್ಯರ್ಥವಾಗಿ ಸೇವಿಸಬೇಕಾಗುತ್ತದೆ.

ಪರ್ಯಾಯ ಪರೀಕ್ಷೆ

ಇಂಟರ್‌ಫೆರಾನ್ ಗಾಮಾ ಬಿಡುಗಡೆ ಪರೀಕ್ಷೆಯನ್ನು ರಕ್ತದ ಮಾದರಿಯಿಂದ ಮಾಡುವುದರಿಂದ ಚರ್ಮದ ಸ್ಥಿತಿ ಅದರ ಓದಿಗೆ ಅಡ್ಡಿಯಾಗುವುದಿಲ್ಲ. ಬಿಸಿಜಿ ಲಸಿಕೆಯೂ ಅದರ ಫಲಿತಾಂಶವನ್ನು ಬದಲಿಸುವುದಿಲ್ಲ. ಆದರೆ ರೋಗನಿರೋಧಕ ಶಕ್ತಿ ತೀರಾ ಕುಂದಿದ್ದರೆ ಅಲ್ಲಿಯೂ ಸ್ಪಷ್ಟ ಉತ್ತರ ದೊರೆಯದಿರಬಹುದು. ಎರಡೂ ಪರೀಕ್ಷೆಗಳು ಸುಪ್ತ ಸೋಂಕನ್ನು ಸಕ್ರಿಯ ರೋಗದಿಂದ ಬೇರ್ಪಡಿಸಲಾರವು. ಅದಕ್ಕೆ ರೋಗಲಕ್ಷಣ, ಎದೆಯ ಕ್ಷ-ಕಿರಣ ಚಿತ್ರ ಹಾಗೂ ಕಫ ಪರೀಕ್ಷೆಗಳ ನೆರವು ಬೇಕು.